ಪ್ರಸಾದವೂ ಮೋಹವೂ

ಮಕ್ಕಳು ಮೊಮ್ಮಕ್ಕಳನ್ನು ಕಂಡು ಹಿಗ್ಗುವುದು ಭಕ್ತನಿಗೆ ಬಂಧನವೋ ಅಲ್ಲವೋ ಎಂಬ ಪ್ರಶ್ನೆ ಗೃಹಸ್ಥರಾದ ನಮ್ಮನ್ನು ಕಾಡದೆ ಬಿಡುವುದಿಲ್ಲ. ಉದ್ಯೋಗದಲ್ಲಿರುವಾಗ ಇದನ್ನು ಯೋಚಿಸಲು ಬಿಡುವಿರದು. ನಿವೃತ್ತಿ ಹೊಂದಿ, ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ಮನೆ ನಿಶ್ಶಬ್ದವಾದ ಮೇಲೆ ಅದು ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಈ ಸಂಬಂಧವಾಗಿ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ವಾಚಕರ ಮುಂದಿಡುತ್ತೇನೆ.

ಧಾರವಾಡ ಸೀಮೆಯ ಒಬ್ಬ ನಿವೃತ್ತ ಉಪಾಧ್ಯಾಯರು ತಮ್ಮ ಪತ್ನಿಯೊಡನೆ ಉಳವಿಯ ಜಾತ್ರೆಗೆ ಹೊರಟಿದ್ದರು. ಮಾಘಮಾಸದಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ, ಉತ್ತರ ಕರ್ನಾಟಕದ ಹಳ್ಳಿಗಳಿಂದ ಎತ್ತಿನ ಚಕ್ಕಡಿಗಳು ಸಾಲುಗಟ್ಟಿ ಆ ಕಾಡಿನ ಕಡೆಗೆ ಸಾಗುವ ಪದ್ಧತಿ ಇಂದಿಗೂ ಉಳಿದಿದೆ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ವಿಪ್ಲವವಾದಾಗ ಚನ್ನಬಸವಣ್ಣನವರು ಶರಣರ ಸಮೂಹದೊಡನೆ, ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು, ಇಲ್ಲಿಗೆ ಬಂದು ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಈ ದಂಪತಿಗಳೂ ಊರವರ ಚಕ್ಕಡಿಯಲ್ಲಿ ಬಂದು, ಮರದ ನೆರಳಿನಲ್ಲಿ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯ ಮೇಲೆ ಅಡಿಗೆ ಮಾಡಿಕೊಂಡು ಇದ್ದರು. ಸಂಸಾರದ ಗೊಡವೆಯನ್ನು ಕೆಲವು ದಿನವಾದರೂ ಮರೆಯಬೇಕೆಂಬುದು ಉಪಾಧ್ಯಾಯರ ಸಂಕಲ್ಪವಾಗಿತ್ತು.

ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮಗನು ಹೆಂಡತಿ ಮಕ್ಕಳೊಡನೆ ಬಿಡಾರಕ್ಕೆ ಬಂದನು. ಎರಡು ದಿನ ಎಲ್ಲರೂ ಕೂಡಿ ಗದ್ದುಗೆಯ ದರ್ಶನ ಮಾಡಿದರು, ಮಹಾಮನೆಯ ಗವಿಯನ್ನು ಕಂಡರು, ಸಿಂಥೇರಿಯ ಹೆಬ್ಬಂಡೆಯ ಬುಡದಲ್ಲಿ ನಿಂತು ಬೆರಗಾದರು. ಕಾಳೀ ನದಿಗೆ ಕಟ್ಟಿದ ಸೂಪಾ ಜಲಾಶಯವನ್ನು ನೋಡಿ ಬಂದರು. ಆ ನೀರಿನ ಅಡಿಯಲ್ಲಿ ಹಳೆಯ ಸೂಪಾ ಊರು ಮುಳುಗಿದೆಯೆಂದು ತಿಳಿದಾಗ ಮೊಮ್ಮಗಳು, “ಅಜ್ಜಾ, ಅಲ್ಲಿದ್ದ ಮಂದಿ ಎಲ್ಲಿಗೆ ಹೋದರು?” ಎಂದು ಕೇಳಿದಳಂತೆ. ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ರೊಟ್ಟಿ, ಶೇಂಗಾ ಹಿಂಡಿಗಳ ಊಟವಾದ ಮೇಲೆ ಮಕ್ಕಳು ಚಕ್ಕಡಿಯಲ್ಲಿಯೇ ಮಲಗಿದರು. ಆಗ ಅವರು ನನ್ನೊಡನೆ ಹೇಳಿದರು: “ಗದ್ದುಗೆಯ ಮುಂದೆ ನಿಂತಾಗಲೂ ನನ್ನ ಲಕ್ಷ್ಯವೆಲ್ಲ ನನ್ನ ಬೆರಳು ಹಿಡಿದ ಆ ಪುಟ್ಟ ಕೈಯ ಮೇಲೆಯೇ ಇತ್ತು. ಇದೇನು ಭಕ್ತಿ?”

ಮೂರನೆಯ ದಿನ ಬೆಳಗಿನಲ್ಲಿ ಮಗನು ಹೊರಟು ನಿಂತನು. ತೇರಿಗೆ ಇನ್ನೂ ಒಂದು ದಿನವಿತ್ತು. “ತಂದೆತಾಯಿಗಳಿಗೆ ಕೊಡಲು ನಿನ್ನಲ್ಲಿ ಒಂದು ದಿನವೂ ಇಲ್ಲವೆ?” ಎಂದು ಉಪಾಧ್ಯಾಯರು ಬಿರುಸಾಗಿ ನುಡಿದರು. ಮಗನ ಮುಖ ಕಂದಿತು. ಮೊಮ್ಮಗಳು ತಾಯಿಯ ಸೆರಗನ್ನು ಹಿಡಿದುಕೊಂಡಳು. ಎರಡು ದಿನದ ಸಂತೋಷವು ಒಂದು ಮಾತಿನಲ್ಲಿ ಹುಳಿಯಾಗುವುದರಲ್ಲಿತ್ತು. ಆಗ ಆ ತಾಯಿಯು, “ಅವನ ಕಾಯಕ ಅವನ್ನ ಕರಿಯಾಕ ಹತ್ತೈತ್ರಿ. ಎರಡು ದಿನ ಕೊಟ್ಟಾನ, ಸಾಕು. ಇನ್ನೂ ಬೇಕಂದ್ರ ಅದು ಮಾರಯ್ಯ ತಂದ ಹೆಚ್ಚಿನ ಅಕ್ಕಿ ಆಕ್ಕೈತಿ” ಎಂದರು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಶರಣಬಂಧುಗಳು ವಿರಳ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಸತಿ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಆ ಅಕ್ಕಿ ಕದ್ದುದಲ್ಲ, ಯಾರಿಗೂ ನೋವುಂಟುಮಾಡಿ ತಂದುದಲ್ಲ. ಅಂದಿನ ಅಗತ್ಯವನ್ನು ಮೀರಿತ್ತು, ಅಷ್ಟೇ. ಅಷ್ಟರಿಂದಲೇ ಅದು ಪ್ರಸಾದವಾಗುವ ಅರ್ಹತೆಯನ್ನು ಕಳೆದುಕೊಂಡಿತು.

ನಾವು ಈ ಕಥೆಯನ್ನು ಧಾನ್ಯಕ್ಕೆ, ಧನಕ್ಕೆ ಅನ್ವಯಿಸುತ್ತೇವೆ, ಮಮತೆಗೆ ಅನ್ವಯಿಸುವುದಿಲ್ಲ. ಆದರೆ ವೃದ್ಧಾಪ್ಯದಲ್ಲಿ ಮನುಷ್ಯನು ಕೂಡಿಡಲು ಹಂಬಲಿಸುವುದು ಹೊನ್ನನ್ನಲ್ಲ, ತನ್ನವರ ಸಾಮೀಪ್ಯವನ್ನು. ಶರಣರು ಸಂಸಾರವನ್ನು ಹಳಿದು ಅಡವಿ ಸೇರಲು ಹೇಳಿದವರಲ್ಲ. ಬಸವಣ್ಣನವರು ಗೃಹಸ್ಥರು, ಮಾರಯ್ಯ ಲಕ್ಕಮ್ಮರು ದಂಪತಿಗಳು. ಆದುದರಿಂದ ಮೊಮ್ಮಗಳ ಕೈ ಹಿಡಿದು ಗದ್ದುಗೆಯ ಮುಂದೆ ನಿಂತುದರಲ್ಲಿ ದೋಷವಿಲ್ಲ. ಆ ಕೈಯೂ ಲಿಂಗದೇವನು ಕೊಟ್ಟುದೇ. ದೋಷ ಹುಟ್ಟಿದುದು ಮೂರನೆಯ ದಿನ, ಕೊಟ್ಟುದನ್ನು ಮರೆತು ಕೊಡದುದನ್ನು ಲೆಕ್ಕ ಹಾಕಿದಾಗ. ಬಂದುದನ್ನು ಬಂದಷ್ಟೇ ಕೈಯೊಡ್ಡಿ ಸ್ವೀಕರಿಸಿದರೆ ಸಂತೋಷವು ಪ್ರಸಾದ. ಅದನ್ನು ಹಕ್ಕೆಂದು ಹಿಡಿದೆಳೆದರೆ ಅದೇ ಸಂತೋಷವು ಮೋಹ.

ಹಾಗಾದರೆ ತಂದೆತಾಯಿಗಳತ್ತ ತಿರುಗಿಯೂ ನೋಡದ ಮಕ್ಕಳಿಗೆ ಇದು ಸಮಾಧಾನವಾಗುವುದಿಲ್ಲವೆ ಎಂದು ಕೆಲವರು ಕೇಳಬಹುದು. ಆಗಕೂಡದು. ಹೆತ್ತವರ ಸೇವೆ ಮಕ್ಕಳ ಹೊಣೆ. ಕಾಯಕದ ಹೆಸರಿನಲ್ಲಿ ಅದನ್ನು ತಪ್ಪಿಸಿಕೊಳ್ಳುವವನು ಕಾಯಕವನ್ನೂ ಅರಿತವನಲ್ಲ. ಆದರೆ ಮಕ್ಕಳ ಹೊಣೆಯನ್ನು ಅಳೆಯುವುದು ಒಂದು, ನಮ್ಮ ಆಸೆಯನ್ನು ಅಳೆಯುವುದು ಇನ್ನೊಂದು. ಲಕ್ಕಮ್ಮ ಅಳೆದದ್ದು ತನ್ನ ಮನೆಗೆ ಬಂದ ಅಕ್ಕಿಯನ್ನು, ನೆರೆಯವರ ಕಣಜವನ್ನಲ್ಲ.

ಉಪಾಧ್ಯಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಎದ್ದು ಮಗನ ಸಾಮಾನನ್ನು ಗಾಡಿಯಲ್ಲಿಟ್ಟರು, ಮಕ್ಕಳ ಹಣೆಗೆ ವಿಭೂತಿ ಹಚ್ಚಿದರು. ಅವರು ಮರೆಯಾದ ಮೇಲೆ ತಾಯಿ ಚಕ್ಕಡಿಯ ಹಿಂದೆ ನಿಂತು ಕಣ್ಣೊರಸಿಕೊಂಡುದನ್ನು ನಾನು ಕಂಡೆ. ಮಿತಿಯನ್ನರಿತ ಮಾತ್ರಕ್ಕೆ ನೋವಿಲ್ಲವೆಂದಲ್ಲ. ಆದರೆ ಆ ಸಂಜೆ ಸೊಸೆ ತಂದಿದ್ದ ಹೋಳಿಗೆಯ ಬುತ್ತಿಯನ್ನು ಬಿಚ್ಚಿ, ಆಕೆ ಮೊದಲು ಕೊಟ್ಟುದು ಪಕ್ಕದ ಬಿಡಾರದಲ್ಲಿ ಒಂಟಿಯಾಗಿದ್ದ ಮುದುಕನಿಗೆ. ಉಪಾಧ್ಯಾಯರು ಆತನನ್ನು ತಮ್ಮ ಒಲೆಯ ಬಳಿಗೆ ಕರೆತಂದು ಕೂರಿಸಿದರು.

ಹೆಚ್ಚಿನ ಅಕ್ಕಿ ಅಂಗಳಕ್ಕೆ ಮರಳಿತು. ನಮ್ಮ ಮನೆಗೂ ಮಕ್ಕಳು ಬರುತ್ತಾರೆ, ಹೋಗುತ್ತಾರೆ. ಅವರು ಹೋದ ಮೇಲೆ ನಮ್ಮಲ್ಲಿ ಉಳಿಯುವುದು ದೂರೋ, ದಾಸೋಹವೋ ಎಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಲಿ.