ನಂಬಿ ಬಂದ ಜೀವ

ನವರಾತ್ರಿಯಲ್ಲಿ ದೇವಿಯ ಸಿಂಹಕ್ಕೂ ಗಣಪತಿಯ ಮೂಷಿಕಕ್ಕೂ ಷಣ್ಮುಖನ ನವಿಲಿಗೂ ಕೈಮುಗಿಯುವ ಮಗುವು ಮರುದಿನ ಬೀದಿಯ ನಾಯಿಗೆ ಕಲ್ಲೆಸೆದರೆ ತಪ್ಪು ಯಾರದು? ದಯೆಯು ಮಕ್ಕಳಿಗೆ ಬರುವುದು ಹಿರಿಯರ ನಡೆಯಿಂದ.

ಮಹಾಪ್ರಸ್ಥಾನದಲ್ಲಿ ಹಸ್ತಿನಾಪುರದಿಂದ ಹಿಂಬಾಲಿಸಿ ಬಂದ ನಾಯಿಯನ್ನು ತೊರೆದು ರಥವನ್ನೇರೆಂದು ಇಂದ್ರನು ಹೇಳಿದಾಗ ಧರ್ಮರಾಯನು ಒಪ್ಪಲಿಲ್ಲ. ನಂಬಿದವರನ್ನು ಬಿಟ್ಟು ಪಡೆಯುವ ಸ್ವರ್ಗವು ಅವನಿಗೆ ಬೇಡವಾಯಿತು. ಆ ನಾಯಿಯೇ ಧರ್ಮದೇವತೆಯೆಂಬುದು ಅವನಿಗೆ ತಿಳಿದದ್ದು ಆಮೇಲೆ. ಬರಿಯ ನಾಯಿಯೆಂದು ತಿಳಿದಿದ್ದಾಗಲೇ ಅವನು ಅದನ್ನು ಕೈಬಿಡಲಿಲ್ಲವೆಂಬುದೇ ಕಥೆಯ ಹುರುಳು.

ಮಗುವಿನ ಹಟಕ್ಕೆ ಮರಿಯನ್ನು ತಂದು, ಬೆಳೆದು ಹೊರೆಯಾದಾಗ ಬೀದಿಗೆ ಬಿಡುವ ಮನೆಯು ಮಗುವಿಗೆ ಕಲಿಸುವುದು ನಂಬಿಕೆದ್ರೋಹವನ್ನೇ. ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಬಿಟ್ಟುಬಿಡುವುದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯಂತೆ ಅಪರಾಧವೂ ಹೌದು. ಇಕ್ಕಟ್ಟಾದ ನಗರದ ಮನೆಯಲ್ಲಿ ಸ್ಥಳವೂ ಬಿಡುವೂ ಉಂಟೇ ಎಂದು ತರುವ ಮೊದಲೇ ಕೇಳಿಕೊಳ್ಳಬೇಕು. ತಂದ ಮೇಲೆ ಅನ್ನ, ನೀರು, ಹುಚ್ಚುನಾಯಿ ರೋಗದ ಚುಚ್ಚುಮದ್ದು, ಮುಪ್ಪಿನ ಆರೈಕೆಗಳು ವ್ರತದಂತೆ ತಪ್ಪದೆ ನಡೆಯಬೇಕು. ಆ ವ್ರತದಲ್ಲಿ ಮಗುವಿಗೂ ಪಾಲಿರಬೇಕು.

ಮೂಕಪ್ರಾಣಿಯ ಬಟ್ಟಲಿಗೆ ದಿನವೂ ನೀರೆರೆಯುವ ಪುಟ್ಟ ಕೈ, ದೇವಿಗೆ ಆರತಿಯೆತ್ತುವ ಕೈಯಷ್ಟೇ ಪವಿತ್ರವಾದುದು.