ಅಂಗಳದ ಇರುವೆಗೂ ಜಾತಿ ಇದೆಯೇ?


ಧಮ್ಮ ಬಂಧುಗಳೆಲ್ಲರಿಗೂ ಇಂದಿನ ಚಿಂತನೆ.

ಶಾಲೆಗಳಿಗೆ ಬೇಸಿಗೆ ರಜೆ. ಬಿಸಿಲು ಏರುವ ಮೊದಲು ಅಂಗಳದಲ್ಲಿ ಅರ್ಧ ಗಂಟೆ ಕೂತರೆ ಒಂದು ಊರೇ ಕಾಣುತ್ತದೆ. ಗೋಡೆಯ ಬುಡದಲ್ಲಿ ಕಪ್ಪಿರುವೆ ಸಾಲು, ಮಾವಿನ ಎಲೆ ಹೊಲಿದು ಗೂಡು ಕಟ್ಟಿದ ಚಗಳಿ, ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ, ನಲ್ಲಿಯ ಕೆಳಗಿನ ತೇವ ಹುಡುಕಿ ಬರುವ ಜೇನು.

ಇವನ್ನೇ ತೋರಿಸಿ ಕೆಲವರು ಹೇಳುವ ಮಾತನ್ನು ನೀವೂ ಕೇಳಿರುತ್ತೀರಿ. "ಇರುವೆಯಲ್ಲೂ ರಾಣಿ ಬೇರೆ, ಆಳು ಬೇರೆ. ಐದು ಬೆರಳು ಸಮ ಇರ್ತಾವಾ? ಮೇಲು ಕೀಳು ಪ್ರಕೃತಿಯೇ ಮಾಡಿದ್ದು." ಪ್ರಾಣಿಶಾಸ್ತ್ರದ ಇಂಗ್ಲಿಷ್ ಪುಸ್ತಕಗಳೂ ಇರುವೆ, ಗೆದ್ದಲುಗಳ ಈ ವಿಂಗಡಣೆಯನ್ನು 'ಕಾಸ್ಟ್' ಎಂದೇ ಕರೆಯುತ್ತವೆ. ಹಾಗಾದರೆ ಜಾತಿಗೆ ಪ್ರಕೃತಿಯ ಸಾಕ್ಷಿ ಇದೆಯೇ?

ಪ್ರಶ್ನೆ ಹೊಸದಲ್ಲ. ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ತರುಣರು ವಾದ ಹೂಡಿ ಭಗವಾನರ ಬಳಿ ಬರುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದ ಎಂದು ಭಾರದ್ವಾಜ, ನಡತೆಯಿಂದ ಎಂದು ವಾಸೆಟ್ಠ. ಬುದ್ಧರು ಅವರಿಗೆ ವೇದದ ಸಾಕ್ಷಿ ಕೊಡಲಿಲ್ಲ. ಹುಲ್ಲು, ಮರ, ಹುಳು, ಪತಂಗ, ಇರುವೆ, ಹಾವು, ಮೀನು, ಹಕ್ಕಿಗಳ ಕಡೆ ಅವರ ಗಮನ ತಿರುಗಿಸಿದರು. ಅವುಗಳಿಗೆಲ್ಲ ಹುಟ್ಟಿನಿಂದ ಬಂದ ಬೇರೆ ಬೇರೆ ಗುರುತಿದೆ. ಮನುಷ್ಯರಲ್ಲಿ ಕೂದಲು, ಕಿವಿ, ಕಣ್ಣು, ಕೈಕಾಲು ಎಲ್ಲಿ ಹುಡುಕಿದರೂ ಅಂಥ ಗುರುತು ಸಿಗುವುದಿಲ್ಲ. ಮನುಷ್ಯರ ನಡುವಿನ ಭೇದ ಬರೀ ಹೆಸರಿನದು ಎಂಬುದು ಅವರ ಉತ್ತರದ ಸಾರ.

ಭಗವಾನರೇ ನೋಡಿ ಎಂದ ಮೇಲೆ ನಾವೂ ಸರಿಯಾಗಿ ನೋಡೋಣ.

ಜೇನುಗೂಡಿನ ಹೊಸ ರಾಣಿ ಕೆಲಸದ ಹುಳುಗಳ ಒಡಹುಟ್ಟಿದವಳೇ. ಮೊಟ್ಟೆ ಒಂದೇ ಬಗೆಯದು. ಮರಿಹುಳುವಿಗೆ ಕೊನೆಯವರೆಗೂ ರಾಯಲ್ ಜೆಲ್ಲಿ ಉಣಿಸಿದರೆ ಅದು ರಾಣಿ. ಸುಮಾರು 3 ದಿನಕ್ಕೆ ಅದನ್ನು ಬಿಡಿಸಿ ಪರಾಗ, ಜೇನು ಕೊಟ್ಟರೆ ಕೆಲಸದ ಹುಳು. ರಾಣಿ ಸತ್ತರೆ, ಕೆಲಸದ ಹುಳುವಾಗಬೇಕಿದ್ದ ಎಳೆಯ ಮರಿಗೇ ಆ ಊಟ ಕೊಟ್ಟು ಹೊಸ ರಾಣಿಯನ್ನು ಬೆಳೆಸುತ್ತವೆ. ಅಲ್ಲಿ ತೀರ್ಮಾನ ಮಾಡುವುದು ತಟ್ಟೆ, ತೊಟ್ಟಿಲಲ್ಲ.

ಕೆಲಸದ ಹಂಚಿಕೆ ನೋಡಿ. ಹೊಸದಾಗಿ ಹೊರಬಂದ ಹುಳುವಿನ ಮೊದಲ ಕೆಲಸ ಗೂಡಿನ ಕೋಣೆಗಳನ್ನು ಚೊಕ್ಕ ಮಾಡುವುದು. ಆಮೇಲೆ ಮರಿಗಳ ಆರೈಕೆ, ಮೇಣದ ಕೆಲಸ, ಬಾಗಿಲ ಕಾವಲು. ಸುಮಾರು 3 ವಾರದ ಹೊತ್ತಿಗೆ ಹೂವಿನ ಕಡೆ ಹಾರುತ್ತದೆ. ಚೊಕ್ಕ ಮಾಡುವ ಕೆಲಸ ಎಲ್ಲರ ಪಾಲಿಗೂ ಬರುತ್ತದೆ, ಯಾರ ಪಾಲಿಗೂ ಕೊನೆಯ ತನಕ ಅಂಟಿಕೊಳ್ಳುವುದಿಲ್ಲ. ನಮ್ಮಲ್ಲಿ? ಮಲ ಹೊರುವ ಪದ್ಧತಿಯ ವಿರುದ್ಧ 2013ರಲ್ಲಿ ಕಾಯ್ದೆ ಬಂದ ಮೇಲೂ ಮ್ಯಾನ್‌ಹೋಲ್‌ಗೆ ಇಳಿದು ಸತ್ತವರು ಯಾವ ಕೇರಿಯವರು ಎಂದು ಯಾರೂ ಹೇಳಬೇಕಾಗಿಲ್ಲ. ಜಾತಿ ಎಂಬುದು ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿದ್ದು ಇದನ್ನೇ.

ಗೆದ್ದಲಿನ ಕಾವಲು ಹುಳುವಿನ ದೇಹವೇ ಬೇರೆಯಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಅದರ ದವಡೆ ಕಾದಾಟಕ್ಕೆ ಬೆಳೆದದ್ದು, ತಾನಾಗಿ ತಿನ್ನಲೂ ಬಾರದು. ಆದರೆ ಅದಕ್ಕೆ ಉಣಿಸುವವು ಕೆಲಸದ ಹುಳುಗಳೇ. ಒಂದೇ ತಾಯ ಮಕ್ಕಳು, ಒಂದರ ಬಾಯಿಂದ ಇನ್ನೊಂದರ ಬಾಯಿಗೆ ತುತ್ತು. ಮುಟ್ಟಿದರೆ ಮೈಲಿಗೆ ಎನ್ನುವ ಗೆದ್ದಲನ್ನು ಯಾರೂ ಕಂಡಿಲ್ಲ.

ಹಾಗೆಂದು ಹುಳುಗಳನ್ನೇ ಗುರು ಮಾಡಿಕೊಳ್ಳುವುದೂ ಬೇಡ. ಸೂರಿನ ಕೆಳಗಿನ ಪುಡಿ ಮಣ್ಣಿನಲ್ಲಿ ಆಲಿಕೆಯಂಥ ಸಣ್ಣ ಗುಂಡಿಗಳಿರುತ್ತವೆ. ತಳದಲ್ಲಿ ಒಂದು ಹುಳು ಅಡಗಿ ಕೂತು, ಜಾರಿದ ಇರುವೆಯ ಮೇಲೆ ಮಣ್ಣು ಎರಚಿ ಕೆಳಕ್ಕೆಳೆದು ಹೀರುತ್ತದೆ. ಅದು ಕ್ರೂರವೂ ಅಲ್ಲ, ದಯಾಳುವೂ ಅಲ್ಲ. ಅದಕ್ಕೆ ಬೇರೆ ದಾರಿಯಿಲ್ಲ. ಮನುಷ್ಯನಿಗೆ ದಾರಿಯಿದೆ. ಪ್ರಕೃತಿಯಲ್ಲಿ ಇದೆ ಎಂದ ಮಾತ್ರಕ್ಕೆ ಯಾವುದೂ ಧಮ್ಮವಾಗುವುದಿಲ್ಲ. ಆಯ್ಕೆ ಇರುವಲ್ಲಿಯೇ ಶೀಲದ ಪ್ರಶ್ನೆ ಹುಟ್ಟುತ್ತದೆ.

ಆ ಆಯ್ಕೆಯ ಹೆಸರೇ ಮೈತ್ರಿ. ಕರುಣೆ ಮನುಷ್ಯರ ಮೇಲಿನದು, ಮೈತ್ರಿ ಜೀವಿಗಳೆಲ್ಲದರ ಮೇಲಿನದು, ಬುದ್ಧರು ಕರುಣೆಯಲ್ಲೇ ನಿಲ್ಲಲಿಲ್ಲ ಎಂದು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ವಿವರಿಸುತ್ತಾರೆ. ಕರುಣೆಯನ್ನು ದಾಟಿ ಹೋಗುವುದು ಎಂದರೆ ಅದನ್ನು ಬಿಟ್ಟು ಹೋಗುವುದಲ್ಲ. ಇರುವೆ ಗೂಡಿಗೆ ಸಕ್ಕರೆ ಹಾಕಿ ಪುಣ್ಯ ಗಳಿಸುವ ಕೈಯೇ ಪಕ್ಕದ ಕೇರಿಯವರಿಗೆ ಮೇಲಿನಿಂದ ನೀರು ಸುರಿಯುತ್ತಿತ್ತು. ಮಹಾಡಿನ ಚವದಾರ್ ಕೆರೆಯಲ್ಲಿ ದನ, ನಾಯಿ, ಹಕ್ಕಿ ನೀರು ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಮುಟ್ಟಿದರು. ನೀರಿಲ್ಲದ ಗಂಟಲಿನ ನೋವು ಬಲ್ಲ ನಾವು ಗುಬ್ಬಿಗೆ ನೀರಿಡುವುದಕ್ಕೂ, ಅವರು ಸಕ್ಕರೆ ಹಾಕಿದ್ದಕ್ಕೂ ಅಜಗಜಾಂತರ. ನಾವು ಇಡುವುದು ಪುಣ್ಯದ ಲೆಕ್ಕಕ್ಕಲ್ಲ.

ಹಾಗಾದರೆ ಬಾಗಿಲ ಚೌಕಟ್ಟು ತಿನ್ನುವ ಗೆದ್ದಲು, ಡೆಂಗಿ ತರುವ ಸೊಳ್ಳೆ? ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಾಬಾಸಾಹೇಬರು ಬಿಡಿಸಿ ಹೇಳಿದ್ದಾರೆ. ಅಹಿಂಸೆ ಕಣ್ಣುಮುಚ್ಚಿ ಪಾಲಿಸುವ ಕಟ್ಟಳೆಯಲ್ಲ, ವಿವೇಕ ಬೇಡುವ ತತ್ತ್ವ. ಮನೆ ಉಳಿಸಿಕೊಳ್ಳುವುದು ಅಗತ್ಯ. ಓತಿಕ್ಯಾತನಿಗೆ ಕಲ್ಲು ಹೊಡೆಯುವುದು ಬರೀ ಇಚ್ಛೆ.

ಇಂದಿನ ಅಭ್ಯಾಸ: ನೆರಳಿನಲ್ಲಿ ಒಂದು ಮಣ್ಣಿನ ಬಟ್ಟಲು ನೀರಿಡಿ. ಜೇನು ಮುಳುಗದಂತೆ ನಾಲ್ಕು ಕಲ್ಲು ಹಾಕಿ. ಸೊಳ್ಳೆ ಮೊಟ್ಟೆಯಿಡದಂತೆ ದಿನವೂ ನೀರು ಬದಲಿಸಿ. ನೀರು ತುಂಬುವ ಕೆಲಸ ಮನೆಯಲ್ಲಿ ಸರದಿಯಂತೆ ಎಲ್ಲರಿಗೂ ಬರಲಿ, ಹೆಣ್ಣುಮಕ್ಕಳಿಗೇ ಬೀಳದಿರಲಿ. ಮಕ್ಕಳನ್ನು ಕೂರಿಸಿಕೊಂಡು ಇರುವೆ ಸಾಲು ತೋರಿಸಿ, ವಾಸೆಟ್ಠನ ಪ್ರಶ್ನೆ ಕೇಳಿ. ಉತ್ತರವನ್ನು ಅವರೇ ಹೇಳಲಿ.

ಜೈ ಭೀಮ್. ನಮೋ ಬುದ್ಧಾಯ.