ಬಾಗಿಲು ತೆರೆದದ್ದು ಯಾರಿಗಾಗಿ?

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಊರಲ್ಲಿ, ಮಳೆಯನ್ನೇ ನಂಬಿದ ಮನೆಯೊಂದರ ಮಗ ಸೇನೆಗೆ ಸೇರಿದನೆಂದರೆ ಆ ಮನೆಗೆ ಸಂಬಳದ ಜೊತೆಗೆ ಮರ್ಯಾದೆಯೂ ಬರುತ್ತದೆ. ಆದರೆ ಈ ಮರ್ಯಾದೆಯ ಬಾಗಿಲು ಎಲ್ಲರಿಗೂ ಯಾವಾಗಲೂ ತೆರೆದಿರಲಿಲ್ಲ. ಅದು ಯಾವಾಗ, ಏಕೆ ತೆರೆಯಿತು ಎಂಬುದು ಬರೀ ಇತಿಹಾಸದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆಯೂ ಹೌದು.

1857ರ ದಂಗೆಯ ಬಳಿಕ ಬ್ರಿಟಿಷರು ‘ಯೋಧ ಜನಾಂಗ’ಗಳೆಂಬ ಸಿದ್ಧಾಂತವೊಂದನ್ನು ಬೆಳೆಸಿದರು. ಕೆಲವರು ಹುಟ್ಟಿನಿಂದಲೇ ವೀರರು, ಉಳಿದವರು ಅಲ್ಲ ಎಂಬುದು ಅದರ ಸಾರ. 1885ರಿಂದ 1893ರವರೆಗೆ ಸೇನಾ ಮುಖ್ಯಸ್ಥನಾಗಿದ್ದ ಲಾರ್ಡ್ ರಾಬರ್ಟ್ಸ್ ಇದರ ದೊಡ್ಡ ಪ್ರತಿಪಾದಕ. ದಕ್ಷಿಣದವರಲ್ಲಿ ಕಾದಾಡುವ ಗುಣ ಉಳಿದಿಲ್ಲ ಎಂಬುದು ಅವನ ತೀರ್ಮಾನ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಸೈನ್ಯಕ್ಕೆ ಮಣ್ಣು ಮುಕ್ಕಿಸಿದ ಮೈಸೂರಿನ ಸಿಪಾಯಿಗಳ, ಹೈದರಾಲಿಯನ್ನೇ ಮತ್ತೆ ಮತ್ತೆ ಎದುರಿಸಿ ನಿಂತ ದುರ್ಗದ ಬೇಡರ ನಾಡಿಗೆ ಸಿಕ್ಕ ಪ್ರಮಾಣಪತ್ರ ಇದು! ಮದ್ರಾಸಿನ ಪಡೆಗಳು ಕ್ರಮೇಣ ಕರಗಿ, 1920ರ ದಶಕದಲ್ಲಿ ಅವುಗಳ ಕಾಲಾಳು ಪಡೆ ಇಲ್ಲವೇ ಇಲ್ಲ ಎನ್ನುವಂತಾಯಿತು.

ಆಮೇಲೆ ಎರಡನೇ ಮಹಾಯುದ್ಧ ಬಂತು. 1939ರಲ್ಲಿ ಸುಮಾರು 2 ಲಕ್ಷವಿದ್ದ ಭಾರತೀಯ ಸೇನೆ 1945ರ ಹೊತ್ತಿಗೆ 25 ಲಕ್ಷ ಮುಟ್ಟಿತು. ಅಷ್ಟು ಜನರನ್ನು ಪಂಜಾಬೊಂದೇ ಎಲ್ಲಿಂದ ಕೊಟ್ಟೀತು? ಸಿದ್ಧಾಂತ ಸದ್ದಿಲ್ಲದೆ ಮೂಲೆ ಸೇರಿತು. ಮದ್ರಾಸ್ ರೆಜಿಮೆಂಟ್ ಮತ್ತೆ ಹುಟ್ಟಿತು. ಆರಂಭದಲ್ಲಿ ಕೆಲವೇ ನೂರು ಇದ್ದ ಭಾರತೀಯ ಅಧಿಕಾರಿಗಳ ಸಂಖ್ಯೆ 8 ಸಾವಿರ ಮೀರಿತು. ಕೊಡಗಿನ ಕಾರ್ಯಪ್ಪ 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯರಾದರು. ಅದೇ ಕೊಡಗಿನ ತಿಮ್ಮಯ್ಯ ಬರ್ಮಾದಲ್ಲಿ ಬ್ರಿಗೇಡನ್ನೇ ನಡೆಸಿದರು. ಶತಮಾನದಿಂದ ‘ಆಗದು’ ಎಂದದ್ದೆಲ್ಲ ಆರು ವರ್ಷಗಳಲ್ಲಿ ಆಯಿತು.

ಇದನ್ನು ನ್ಯಾಯದ ಗೆಲುವೆನ್ನಬಹುದೇ? ಮಹಾರ್ ಸಮುದಾಯದ ಕಥೆ ಕೇಳಿದರೆ ಸಂಶಯ ಹುಟ್ಟುತ್ತದೆ. ಅವರ ಭರ್ತಿಯನ್ನು 1890ರ ದಶಕದ ಆರಂಭದಲ್ಲಿ ನಿಲ್ಲಿಸಲಾಯಿತು. ಮೊದಲ ಮಹಾಯುದ್ಧ ಬಿಗಿಯಾದಾಗ, 1917ರಲ್ಲಿ, ಕರೆದರು. ಯುದ್ಧ ಮುಗಿದು 1921 ಬರುತ್ತಲೇ ಮನೆಗೆ ಕಳಿಸಿದರು. 1941ರಲ್ಲಿ ಮತ್ತೆ ಕರೆದರು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟ್ ಬರ್ಮಾದಲ್ಲಿ ಹೋರಾಡಿ, 1946ರಲ್ಲಿ ವಿಸರ್ಜನೆಯಾಯಿತು. ಅವರ ರಕ್ತ ಬೇಕಾಗಿತ್ತು, ಅವರು ಬೇಕಾಗಿರಲಿಲ್ಲ.

ಉದ್ದೇಶ ಏನೇ ಇರಲಿ, ಫಲ ಒಳ್ಳೆಯದಾಯಿತಲ್ಲ ಎಂದು ಕೆಲವರು ಹೇಳಬಹುದು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಬೇಡ್ಕರರ ತಂದೆ ಸೇನೆಯಲ್ಲಿ ಸುಬೇದಾರರಾಗಿದ್ದರು. ಆ ಮನೆಗೆ ಅಕ್ಷರ ಬಂದದ್ದರಲ್ಲಿ ಸೇನೆಯ ಪಾಲೂ ಇದೆ. ಆದರೆ ಕರ್ಮದ ಬೆಲೆಯನ್ನು ನಿಯ್ಯತ್ತಿನಿಂದ ಅಳೆಯಬೇಕೆಂದು ನಾವು ಚಿಕ್ಕಂದಿನಿಂದ ಕಲಿತವರು. ನಿಯ್ಯತ್ತು ಏಕೆ ಮುಖ್ಯ ಎಂಬುದಕ್ಕೆ ಮೇಲಿನ ಇಸವಿಗಳೇ ಉತ್ತರ ಹೇಳುತ್ತವೆ. ಅಗತ್ಯ ಕೊಟ್ಟದ್ದನ್ನು ಅಗತ್ಯ ತೀರಿದಾಗ ಕಿತ್ತುಕೊಳ್ಳಬಹುದು. ಹಕ್ಕೆಂದು ಒಪ್ಪಿ ಕೊಟ್ಟದ್ದನ್ನು ಹಾಗೆ ಸುಲಭವಾಗಿ ಕಿತ್ತುಕೊಳ್ಳಲಾಗದು.

ಈ ಅಳತೆಗೋಲನ್ನು ಬ್ರಿಟಿಷರಿಗಷ್ಟೇ ಹಿಡಿದರೆ ಅದು ಪ್ರಾಮಾಣಿಕತೆಯಲ್ಲ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾದಾಗ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರಿಂದ ‘ಚೇಲಾ’ ಪಡೆ ಕಟ್ಟಲಾಯಿತೆಂದು ಲೂಯಿ ರೈಸ್ ದಾಖಲಿಸಿದ್ದಾರೆ. ಬ್ರಿಟಿಷರ ಬರವಣಿಗೆ ಎಂದು ಸಂಖ್ಯೆಯನ್ನು ಅನುಮಾನಿಸಬಹುದು, ಆದರೆ ಅದರ ಮರೆಯಲ್ಲಿ ಪ್ರಶ್ನೆಯಿಂದ ನುಣುಚಿಕೊಳ್ಳಬಾರದು. ಕಂಪನಿಯ ವಿರುದ್ಧ ಹೋರಾಡಿದ ಸೈನ್ಯದ ಬಗ್ಗೆ ಹೆಮ್ಮೆಪಡುವ ನಾವು, ಆ ಸೈನ್ಯಕ್ಕೆ ಸೇರಿಸಲ್ಪಟ್ಟ ದುರ್ಗದ ಹುಡುಗರ ಇಚ್ಛೆಯನ್ನು ಯಾರಾದರೂ ಕೇಳಿದ್ದರೇ ಎಂದೂ ಕೇಳಬೇಕು. ಒಳಗೆ ಸೇರಿಸಿಕೊಂಡ ಮಾತ್ರಕ್ಕೆ ಅದು ಗೌರವವಾಗುವುದಿಲ್ಲ.

ಹಾಗಾದರೆ ಹಕ್ಕಿನ ದಾರಿ ಯಾವುದು? 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸೇನೆಯ ಮಹಿಳಾ ಅಧಿಕಾರಿಗಳಿಗೂ ಶಾಶ್ವತ ಹುದ್ದೆ ಕೊಡಬೇಕೆಂದು ತೀರ್ಪಿತ್ತಿತು. ಹಳ್ಳಿಗಳಿಂದ ಬಂದ ಸಿಪಾಯಿಗಳು ಹೆಣ್ಣಿನ ಆಜ್ಞೆಯನ್ನು ಒಪ್ಪಲು ಸಿದ್ಧರಿಲ್ಲ ಎಂಬ ಸರ್ಕಾರದ ವಾದವನ್ನು ಅದು ಒಪ್ಪಲಿಲ್ಲ. ಆಗ ಮಹಾಯುದ್ಧ ನಡೆಯುತ್ತಿರಲಿಲ್ಲ, ಜನರ ಕೊರತೆಯೂ ವಾದದ ತಿರುಳಾಗಿರಲಿಲ್ಲ. ಸಂವಿಧಾನದ ಸಮಾನತೆಯೇ ಆಧಾರವಾಗಿತ್ತು. ತಡವಾಗಿ ತೆರೆದರೂ ಈ ಬಾಗಿಲಿನ ಕೀಲು ಗಟ್ಟಿ.

ಈ ಪಾಠ ಸೇನೆಗಷ್ಟೇ ಸೇರಿದ್ದಲ್ಲ. ಮಸೀದಿಯ ಸಫ್ಫಿನಲ್ಲಿ ಕೂಲಿಯವನೂ ಮಾಲೀಕನೂ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ನಮಾಜು ಮುಗಿದು ಚಪ್ಪಲಿ ಮೆಟ್ಟುವ ಹೊತ್ತಿಗೆ ಆ ಭುಜಗಳು ಎಷ್ಟು ದೂರವಾಗಿರುತ್ತವೆ? ಮಗಳಿಗೆ ಗಂಡು ನೋಡುವಾಗ, ಕೂಲಿ ಲೆಕ್ಕ ಹಾಕುವಾಗ ಆ ಸಾಲು ನೆನಪಿರುತ್ತದೆಯೇ? ಗುಂಡು ಹಾರುವಾಗ ಮಾತ್ರ ಸಮಾನತೆಯನ್ನು ನೆನೆದ ಸಾಮ್ರಾಜ್ಯವನ್ನು ಟೀಕಿಸುವ ಮೊದಲು, ಸಫ್ಫಿನಲ್ಲಿ ಮಾತ್ರ ಅದನ್ನು ನೆನೆಯುವ ನಾವು ನಮ್ಮನ್ನೂ ಒಮ್ಮೆ ಕೇಳಿಕೊಳ್ಳಬೇಕಾಗಿದೆ.